ಪಕ್ಕದ ಸೀಟಿನ ದನಿ

ಮೇ 11, ಭಾನುವಾರ

4–5. ನಮ್ಮದೇ ಮೈದಾನದಲ್ಲಿ, ನಮ್ಮದೇ ಜನರ ಮುಂದೆ, ಕೈಗೆ ಬಂದಿದ್ದ ಆಟ.

ಮನೆಗೆ ಬಂದು ಎರಡು ಗಂಟೆಯಾದರೂ ಊಟಕ್ಕೆ ಕೂತಿಲ್ಲ. ಎಂಟು ಇನ್ನಿಂಗ್ಸ್ ಮುಗಿಯುವವರೆಗೂ ನಮ್ಮ ಬೆಳ್ಳಕ್ಕಿ ಬೇಸ್‌ಬಾಲ್ ತಂಡವೇ ಮುಂದಿತ್ತು. ಕೊನೆಯದಾದ ಒಂಬತ್ತನೆಯದರಲ್ಲಿ ಎದುರಾಳಿಗಳ ಇಬ್ಬರು ಔಟಾಗಿದ್ದರು. ಇನ್ನೊಬ್ಬ ಔಟಾಗಿದ್ದರೆ ಹಾಡು ಹೇಳಿಕೊಂಡು ಮನೆಗೆ ಹೋಗಬಹುದಿತ್ತು. ಎರಡನೇ ಬೇಸಿನಲ್ಲೂ ಮೂರನೇ ಬೇಸಿನಲ್ಲೂ ಅವರ ಓಟಗಾರರು ನಿಂತಿದ್ದರು, ನಿಜ. ಆದರೆ ಹೊಡೆತ ಎಂಥದು? ನೆಲದ ಮೇಲೆ ಉರುಳಿಕೊಂಡು ನೇರವಾಗಿ ನಮ್ಮ ಓಕ್ ದೋಹುನ್ ನಿಂತಿದ್ದಲ್ಲಿಗೇ ಬಂದ ಚೆಂಡು. ಶಾಲೆಯ ಮಕ್ಕಳೂ ಹಿಡಿಯುತ್ತಾರೆ. ಅವನು ಬಗ್ಗಿದ, ಗ್ಲೌಸನ್ನು ನೆಲಕ್ಕಿಟ್ಟ, ಚೆಂಡು ಅವನ ಎರಡು ಕಾಲುಗಳ ನಡುವೆ ನುಸುಳಿ ಹಿಂದಿನ ಹುಲ್ಲಿಗೆ ಹೋಯಿತು. ಆ ಇಬ್ಬರು ಓಟಗಾರರೂ ಓಡಿ ಬಂದು ಎರಡು ರನ್ ಮಾಡಿದರು. ಆಮೇಲೆ ನಮ್ಮ ಸರದಿಯಲ್ಲಿ ಮೂವರು ಬಂದರು, ಮೂವರೂ ಹೋದರು.

ಇಪ್ಪತ್ಮೂರು ವರ್ಷದ ಹುಡುಗ, ಎರಡು ವರ್ಷದಿಂದ ತಂಡದಲ್ಲಿದ್ದಾನೆ. ಚೆಂಡಿನ ಕಡೆ ನೋಡುವುದಕ್ಕೆ ಏನು ದಾಡಿ?

ಆ ಹೊತ್ತಿಗೆ ನನ್ನ ಬಾಯಿಂದ ಏನೋ ಒಂದು ಮಾತು ಬಂತು. ಎದ್ದು ನಿಂತು ಕಿರುಚಿದೆ. ಹಿಂದಿನ ಸಾಲಿನ ನಾಲ್ಕೈದು ಜನ ಗೊಳ್ಳೆಂದು ನಕ್ಕರು. ಒಬ್ಬ ಬೆನ್ನು ತಟ್ಟಿ, "ಸರಿಯಾಗ್ ಹೇಳಿದ್ರಿ ಯಜಮಾನ್ರೇ" ಅಂದ. ಹದಿನೇಳು ವರ್ಷದಿಂದ ನನ್ನ ಪಕ್ಕದ ಸೀಟಿನಲ್ಲಿ ಕೂರುವ ಗ್ವಾಕ್ ಅಣ್ಣ ಮಾತ್ರ ನಗಲಿಲ್ಲ. ಒಣಮೀನಿನ ಪೊಟ್ಟಣವನ್ನು ಮಡಚಿ ಜೇಬಿಗಿಟ್ಟುಕೊಂಡರು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತರು. ಅವರು ಕೂಡ ಸೋಲಿನಿಂದ ನೊಂದಿದ್ದಾರೆ ಅಂದುಕೊಂಡೆ.

ಮೇ 13, ಮಂಗಳವಾರ

ಬೆಳಗ್ಗೆ ಒಂಬತ್ತೂವರೆಯ ಲಾಂಚ್ ಬಿಟ್ಟ ಮೇಲೆ ನಿಲ್ದಾಣದ ಟಿಕೆಟ್ ಕೌಂಟರಿನ ದಾವೊನ್ ನನ್ನ ಪ್ರಕಟಣೆಯ ಕೊಠಡಿಗೆ ಬಂದು ಮೊಬೈಲು ಚಾಚಿದಳು.

"ಸರ್, ಭಾನುವಾರ ಆಟಕ್ಕೆ ಹೋಗಿದ್ರಲ್ಲ, ಇದನ್ನ ನೋಡಿದ್ರಾ? ಎಂಥಾ ಮನುಷ್ಯ ಇವ್ನು!"

ಹನ್ನೊಂದು ಸೆಕೆಂಡಿನ ವಿಡಿಯೊ. ನಮ್ಮ ಕೆಳಗಿನ ಸಾಲಿನಲ್ಲಿದ್ದ ಯಾರೋ ತೆಗೆದದ್ದು. ಚೆಂಡು ಹುಲ್ಲಿಗೆ ಉರುಳುತ್ತದೆ. ಫೋನು ಹಿಂದಕ್ಕೆ ತಿರುಗುತ್ತದೆ. ತೆರೆಯ ತುಂಬ ಗ್ವಾಕ್ ಅಣ್ಣನ ಮುಖ, ಬಾಯಿ ದೊಡ್ಡದಾಗಿ ತೆರೆದಿದೆ. ಪಕ್ಕದಲ್ಲಿ ನನ್ನ ಎಡ ಭುಜ ಮಾತ್ರ ಕಾಣುತ್ತದೆ. ದನಿ ನನ್ನದು.

ಗ್ವಾಕ್ ಅಣ್ಣ ಆಗ ಕೂಗುತ್ತಿದ್ದದ್ದು "ಪರವಾಗಿಲ್ಲ, ಪರವಾಗಿಲ್ಲ" ಅಂತ. ನಮ್ಮ ಹುಡುಗರು ತಪ್ಪು ಮಾಡಿದಾಗ ಗ್ಯಾಲರಿಯಲ್ಲಿ ಕೂಗುವುದು ಅದನ್ನೇ, ಎಲ್ಲರಿಗಿಂತ ಮೊದಲು ಶುರು ಮಾಡುವವರೂ ಅವರೇ. ವಿಡಿಯೊದಲ್ಲಿ ಅದು ನನ್ನ ಕಿರುಚಾಟದ ಕೆಳಗೆ ಮುಚ್ಚಿಹೋಗಿದೆ.

ನಾನು ಏನೆಂದೆನೋ ಅದನ್ನು ಇಲ್ಲಿ ಬರೆಯಬೇಕು. ಭಾನುವಾರ ಬರೆಯದಿದ್ದದ್ದು ಮರೆತದ್ದಕ್ಕಲ್ಲ.

"ನಿಮ್ಮಪ್ಪ ತಾನೊಬ್ನೇ ಮುಳುಗಿದ, ನೀನು ನಮ್ಮನ್ನೆಲ್ಲ ಮುಳುಗಿಸ್ಬಿಟ್ಯಲ್ಲೋ!"

ದೋಹುನ್ ಗಾನ್ಸೊಮ್ ದ್ವೀಪದವನು. ಅವನ ತಂದೆಯ ಮೀನಿನ ದೋಣಿ ಹನ್ನೊಂದು ವರ್ಷದ ಹಿಂದೆ ಗಾಳಿಗೆ ಸಿಕ್ಕಿ ಹೋಯಿತು. ಹುಡುಗ ತಂಡ ಸೇರಿದಾಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಪತ್ರಿಕೆಗಳಿಗಿಂತ ಮೊದಲೇ ನನಗೆ ಗೊತ್ತಿತ್ತು. ಆ ದಿನ ಎಲ್ಲ ಲಾಂಚ್‌ಗಳೂ ರದ್ದಾಗಿವೆ ಎಂದು ಗಂಟೆಗೊಮ್ಮೆ ಮೈಕಿನಲ್ಲಿ ಹೇಳುತ್ತಿದ್ದವನೇ ನಾನು.

"ಈ ದನಿ ಎಲ್ಲೋ ಕೇಳಿದ ಹಾಗಿದೆ ಸರ್" ಅಂದಳು ದಾವೊನ್. "ಮೀನುಪೇಟೆ ಕಡೆಯೋನು ಇರ್ಬೇಕು."

"ಇರಬಹುದು" ಅಂದೆ.

ಹತ್ತು ನಲವತ್ತಕ್ಕೆ ಪ್ರಕಟಣೆ ಮಾಡಬೇಕಿತ್ತು. ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ತಡವರಿಸಿದವನಲ್ಲ. ನಿಧಾನವಾಗಿ, ಬಿಡಿಸಿ ಬಿಡಿಸಿ, ಒಂದೊಂದು ದ್ವೀಪದ ಹೆಸರನ್ನೂ ಎರಡೆರಡು ಸಲ ಹೇಳುವುದು ನನ್ನ ಪದ್ಧತಿ. ಇವತ್ತು ಎರಡನೇ ಹೆಸರಿಗೆ ಬರುವಷ್ಟರಲ್ಲಿ ಕೌಂಟರಿನಲ್ಲಿ ದಾವೊನ್ ತಲೆ ಎತ್ತಿದ ಹಾಗೆ ಕಂಡಿತು. ಅಲ್ಲಿಗೇ ಮೈಕು ಆರಿಸಿದೆ.

ಮೇ 14, ಬುಧವಾರ

ಗಂಟಲು ಕೆಟ್ಟಿದೆ ಎಂದು ಮೇಲಧಿಕಾರಿಗೆ ಹೇಳಿದೆ. ಮೈಕಿಗೆ ದಾವೊನ್ ಕೂತಳು. ನಾನು ಅವಳ ಕೌಂಟರಿನಲ್ಲಿ ಟಿಕೆಟ್ ಹರಿದೆ.

ಗಂಟಲಿಗೆ ಏನೂ ಆಗಿಲ್ಲ.

ಬೆಳ್ಳಕ್ಕಿ 6, ಎದುರಾಳಿ 2. ದೋಹುನ್ ಆಡಲಿಲ್ಲ. ಬೆಂಚಿನಲ್ಲೂ ಕಾಣಲಿಲ್ಲ.

ಮೇ 17, ಶನಿವಾರ

ಗ್ವಾಕ್ ಅಣ್ಣನ ಹೆಸರು, ಅವರ ಹೆಂಡತಿ ನಡೆಸುವ ಮೀನು ಸಾರಿನ ಹೋಟೆಲು, ಹೋಟೆಲಿನ ಬೋರ್ಡಿನ ಫೋಟೊ, ಎಲ್ಲವನ್ನೂ ಯಾರೋ ಹುಡುಕಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಅಭಿಮಾನಿ ಬಳಗದವರು ಅವರನ್ನು ಈ ಋತು ಮುಗಿಯುವವರೆಗೆ ಮೈದಾನಕ್ಕೆ ಬರಬಾರದೆಂದು ಬರೆದು ತಿಳಿಸಿದ್ದಾರೆ. ಬಳಗ ಶುರುವಾದಾಗ ಮೊದಲ ಡೋಲು ಬಾರಿಸಿದವರು ಅವರು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಕೆಲಸ ಮಾಡಿ ಅರ್ಧ ಕಿವುಡಾದ ಮನುಷ್ಯ, ಅದಕ್ಕೇ ಜೋರಾಗಿ ಮಾತಾಡುತ್ತಾರೆ. ಜೋರಾಗಿ ಮಾತಾಡುವವರ ಮೇಲೆ ಇಂಥದ್ದನ್ನು ಹೊರಿಸುವುದು ಸುಲಭ.

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಡತಿ ಹ್ವಾಸುನ್ ನನ್ನ ಮುಂದೆ ಅನ್ನದ ಬಟ್ಟಲು ಇಡುತ್ತ ಕೇಳಿದಳು.

"ರೀ, ಗ್ವಾಕ್ ಅಣ್ಣ ಅಂಥಾ ಮಾತು ಆಡ್ತಾರಾ?"

"ನಾನು ಆಗ ಕಕ್ಕಸಿಗೆ ಹೋಗಿದ್ದೆ" ಅಂದೆ.

"ಒಂಬತ್ತನೇ ಇನ್ನಿಂಗ್ಸ್‌ನಲ್ಲಾ?"

"ಏನು, ಹೋಗಬಾರದಾ?"

ಅವಳು ಮೂಲಂಗಿಯ ಉಪ್ಪಿನಕಾಯಿಯನ್ನು ನನ್ನ ಕಡೆಗೆ ಸರಿಸಿದಳು.

ಯಾರೂ ಕೇಳದಿದ್ದರೆ ಹೇಳುವುದು ಬೇಡ, ಇನ್ನೊಂದು ವಾರದಲ್ಲಿ ಜನ ಬೇರೆ ಯಾರನ್ನಾದರೂ ಹಿಡಿದುಕೊಳ್ಳುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಇದನ್ನು ಬರೆದ ಮೇಲೆ ಓದಿದರೆ ಬೇರೆ ಯಾರದೋ ಅಕ್ಷರದಂತೆ ಕಾಣುತ್ತದೆ.

ಮೇ 21, ಬುಧವಾರ

ಇವತ್ತು ರಜೆ ಹಾಕಿ ಗ್ವಾಕ್ ಅಣ್ಣನ ಹೋಟೆಲಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದದ್ದು. ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ ಮೂರು ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೆ.

ಊಟದ ಹೊತ್ತು. ಹತ್ತು ಮೇಜುಗಳಲ್ಲಿ ಒಂದರಲ್ಲಿ ಮಾತ್ರ ಒಬ್ಬ ಮುದುಕ ಕೂತಿದ್ದ. ಕೆಲಸದ ಹೆಂಗಸು ಬಿಟ್ಟು ಹೋಗಿದ್ದಾಳಂತೆ. ಅಣ್ಣ ತಾವೇ ಏಪ್ರನ್ ಕಟ್ಟಿಕೊಂಡು ಸಾರು ಬಡಿಸುತ್ತಿದ್ದರು.

"ಬಾ ಗೀಜುನ್, ಕೂತ್ಕೋ. ಊಟ ಆಯ್ತಾ? ಆಗಿರಲ್ಲ ಬಿಡು" ಅಂದು, ನಾನು ಬಾಯಿ ತೆರೆಯುವ ಮೊದಲೇ ಬಿಸಿ ಸಾರಿನ ಬಟ್ಟಲು ತಂದಿಟ್ಟರು. ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನನ್ನೆದುರು ಕೂತುಬಿಟ್ಟರು.

"ನೀನು ಪಕ್ಕದಲ್ಲೇ ಇದ್ಯಲ್ಲಪ್ಪಾ, ನೀನೇ ಹೇಳು. ಇವ್ರು ಆ ಮಾತು ಆಡಿಲ್ಲ ತಾನೇ? ಕೇಳಿದ್ರೆ ಇವ್ರು ಬಾಯೇ ಬಿಡಲ್ಲ. ಯಾರು ಆಡಿದ್ದು? ನಿನ್ಗೆ ಕೇಳಿಸಿರ್ಲೇಬೇಕು."

ಅಣ್ಣ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದರು. ಸೌಟು ತಿರುಗುವುದು ನಿಂತಿತು.

"ತುಂಬಾ ಗದ್ದಲ ಇತ್ತು ಅತ್ತಿಗೆ" ಅಂದೆ. "ಸರಿಯಾಗಿ ಕೇಳಿಸಲಿಲ್ಲ."

ಸೌಟು ಮತ್ತೆ ತಿರುಗತೊಡಗಿತು.

ಆಮೇಲೆ ಇಬ್ಬರು ಹುಡುಗರು ಒಳಗೆ ಬಂದರು. ಒಬ್ಬ ಬೆಳ್ಳಕ್ಕಿ ಟೋಪಿ ಹಾಕಿದ್ದ. ಇನ್ನೊಬ್ಬನ ಕೈಯಲ್ಲಿ ಮೊಬೈಲು ಆಗಲೇ ಓಡುತ್ತಿತ್ತು.

"ಇವ್ರೇ ಕಣೋ. ಯಜಮಾನ್ರೇ, ಇನ್ನೊಂದ್ಸಲ ಹೇಳಿ ನೋಡೋಣ. ಯಾರು ಮುಳುಗಿದ್ದು?"

"ಊಟ ಮಾಡೋದಿದ್ರೆ ಕೂತ್ಕೊಳ್ಳಿ" ಅಂದರು ಅಣ್ಣ.

"ನಿಮ್ಮ ಕೈಯಡುಗೆ ತಿಂದ್ರೆ ನಮ್ಮ ನಾಲ್ಗೇನೂ ಹಾಗೇ ಆಗತ್ತೆ ಅಷ್ಟೇ. ಮೊದ್ಲು ಕ್ಷಮೆ ಕೇಳಿ. ಇಲ್ಲಿ, ಈ ಕಡೆ ನೋಡ್ಕೊಂಡು."

ಅತ್ತಿಗೆ ಎದ್ದು ನಿಂತರು. ಅಣ್ಣ ಅವರನ್ನು ಕೈಯಿಂದ ತಡೆದರು. ನನ್ನ ಕಡೆ ಒಮ್ಮೆ ನೋಡಿದರು, ಗಡಿಯಾರ ನೋಡಿ ಇನ್ನೆಷ್ಟು ಹೊತ್ತಿದೆ ಎಂದು ತಿಳಿದುಕೊಳ್ಳುವ ಹಾಗೆ. ಅರವತ್ತಾರು ವರ್ಷದ ಆ ಮನುಷ್ಯ ಏಪ್ರನ್‌ನಲ್ಲೇ ಸೊಂಟದವರೆಗೆ ಬಾಗಿ, "ಆ ಮಾತು ಆ ಹುಡುಗನ ಕಿವಿಗೆ ಬಿತ್ತಲ್ಲ, ಅದಕ್ಕೆ ನನಗೂ ನಾಚಿಕೆ ಆಗಿದೆ. ತಪ್ಪಾಯ್ತು" ಅಂದರು.

ನಾನು ಬಟ್ಟಲಿನ ಮೇಲೆ ಮುಖ ಬಗ್ಗಿಸಿ ಸಾರು ಕುಡಿಯುತ್ತಿದ್ದೆ. ಹುಡುಗರು ಹೋದ ಮೇಲೂ ಕುಡಿಯುತ್ತಿದ್ದೆ. ಬಟ್ಟಲು ಖಾಲಿಯಾದ ಮೇಲೂ ಚಮಚ ಆಡಿಸುತ್ತಿದ್ದೆ.

ಮೇ 22, ಗುರುವಾರ

ಏನೂ ಬರೆಯಲಾರೆ.

ಮೇ 29, ಗುರುವಾರ

ಮಧ್ಯಾಹ್ನ ಒಂದೂಕಾಲಿಗೆ ಗಾನ್ಸೊಮ್ ಲಾಂಚ್ ಬಿಟ್ಟಿತು. ಅದು ಬಿಟ್ಟ ಹತ್ತು ನಿಮಿಷಕ್ಕೆ ಒಬ್ಬ ಅಜ್ಜಿ ಕೌಂಟರಿಗೆ ಬಂದು ಟಿಕೆಟ್ ತೋರಿಸಿದರು. ಬಟ್ಟೆಯಲ್ಲಿ ಕಟ್ಟಿದ ಡಬ್ಬಿಗಳ ಗಂಟು ಒಂದು ಕೈಯಲ್ಲಿ.

"ನಮ್ಮೂರ ಲಾಂಚ್ ಯಾವಾಗಪ್ಪಾ?"

"ಹೋಯ್ತಲ್ಲಮ್ಮಾ. ಪ್ರಕಟಣೆ ಮಾಡಿದ್ರಲ್ಲ, ಕೇಳಿಸಲಿಲ್ವಾ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸುಕ್ಕುಗಳೆಲ್ಲ ಅರಳಿದವು. "ಅಯ್ಯೋ, ಆ ದನಿ ನೀನೇ! ಎಲ್ಲಿ ಹೋಗಿದ್ಯೋ? ಈಗ ಒಂದ್ ಹುಡುಗಿ ಬಡಬಡ ಅಂತ ಹೇಳ್ತಾಳೆ, ಒಂದೂ ತಲೆಗೆ ಹೋಗಲ್ಲ. ನಂಗೆ ಓದೋಕೆ ಬರಲ್ಲ ಮಗಾ. ಬೋರ್ಡಲ್ಲಿ ಏನಿದ್ಯೋ ಏನೋ. ನೀನು ಗಾನ್ಸೊಮ್, ಗಾನ್ಸೊಮ್ ಅಂತ ಎರಡು ಸಲ ಅಂದ್ರೆ ಏಳ್ತೀನಿ, ಇಲ್ದಿದ್ರೆ ಕೂತಿರ್ತೀನಿ."

ಮುಂದಿನ ಲಾಂಚ್ ಸಂಜೆ ಐದೂವರೆಗೆ. ಅವರನ್ನು ಒಳಗಿನ ಬೆಂಚಿನಲ್ಲಿ ಕೂರಿಸಿ ಬಾರ್ಲಿ ನೀರು ಕೊಟ್ಟೆ. ಅವರ ಗುರುತು ಸಿಕ್ಕಿತ್ತು. ಹನ್ನೊಂದು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಮೂರು ದಿನ ಕೂತಿದ್ದ ಹೆಂಗಸು ಇವರೇ. ದೋಹುನ್‌ನ ಅಜ್ಜಿ. ಅವತ್ತೂ ನಾನು ಬಾರ್ಲಿ ನೀರೇ ಕೊಟ್ಟಿದ್ದೆ.

"ಮೊಮ್ಮಗನಿಗೆ ಅಂತ ತಂದಿದ್ದೆ" ಅಂದರು ಗಂಟಿನ ಮೇಲೆ ಕೈಯಿಟ್ಟು. "ತಂಡದ ಹಾಸ್ಟೆಲಲ್ಲಿ ಇರ್ತಾನಲ್ಲ. ಹೋಗಿ ನೋಡಿದ್ರೆ, ಇಲ್ಲ ಅಜ್ಜಿ, ನಿನ್ನೇನೇ ಊರಿಗೆ ಹೋದ ಅಂತಾರೆ. ನಾನು ನಿನ್ನೆಯಿಂದ ತಂಗಿ ಮನೇಲಿದ್ದೆ. ಲಾಂಚಲ್ಲಿ ಎದುರುಬದುರಾಗಿ ಹೋಗಿದೀವಿ ಕಾಣತ್ತೆ."

"ಆಡಲ್ವಂತಾ?" ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಬಿಡ್ತೀನಿ ಅಂತಾನೆ. ಚೆಂಡು ತಪ್ಪಿದ್ದಕ್ಕಲ್ಲ, ಅವ್ನು ಚಿಕ್ಕೋನಿದ್ದಾಗಿಂದ ಎಷ್ಟು ಚೆಂಡು ಬಿಟ್ಟಿದಾನೋ. ಯಾರೋ ಏನೋ ಕೂಗಿದ್ರಂತೆ." ಅವರು ಸ್ವಲ್ಪ ಹೊತ್ತು ಗಾಜಿನಾಚೆ ನೀರನ್ನು ನೋಡಿದರು. "ನಮ್ಮನೇಲಿ ಆ ಪದ ಆಡಲ್ಲ ಮಗಾ. ಅವರಪ್ಪ ಸಿಗಲೇ ಇಲ್ಲ ನೋಡು. ಹಾಗಾಗಿ 'ಬಂದಿಲ್ಲ' ಅಂತೀವಿ. ಇನ್ನೂ ಬಂದಿಲ್ಲ, ಅಷ್ಟೇ. ಹನ್ನೊಂದು ವರ್ಷ ಹಾಗೇ ಹೇಳ್ಕೊಂಡು ಬಂದ್ವಿ. ಅಷ್ಟು ಸಾವಿರ ಜನದ ಮುಂದೆ ಒಬ್ರು ಅದನ್ನ ಹೇಳೇಬಿಟ್ರಂತೆ."

ಅವರು ನನ್ನ ಮಂಡಿ ತಟ್ಟಿದರು.

"ನಿನ್ ಗಂಟಲು ಕೆಟ್ಟಿದೆ ಅಂದ್ಳು ಆ ಹುಡುಗಿ. ಪೇರಳೆ ಬೇಯಿಸಿ ಜೇನುತುಪ್ಪ ಹಾಕ್ಕೊಂಡು ತಿನ್ನು."

ಐದೂವರೆಗೆ ನಾನೇ ಅವರ ಗಂಟು ಹಿಡಿದು ಲಾಂಚಿನವರೆಗೆ ಬಿಟ್ಟು ಬಂದೆ. ಪ್ರಕಟಣೆ ಮಾಡಲಿಲ್ಲ.

ಜೂನ್ 1, ಭಾನುವಾರ

ಹ್ವಾಸುನ್‌ಗೆ ಹೇಳಿದೆ.

ಬೆಳಗ್ಗೆ ಅವಳು ಹೊರಗೆ ಹೊರಟು ರಬ್ಬರ್ ಕೈಗವಸುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. "ಹ್ವಾಸುನ್, ಆ ಮಾತು ಆಡಿದ್ದು ನಾನು" ಅಂದೆ. ಅವಳು ಚೀಲದ ಜಿಪ್ಪು ಎಳೆದಳು.

"ಗೊತ್ತು."

"ಯಾವಾಗಿಂದ?"

"ವಿಡಿಯೊ ಕೇಳಿದಾಗಿಂದ. ಮೂವತ್ತೊಂದು ವರ್ಷ ಆ ದನಿ ಜೊತೆ ಸಂಸಾರ ಮಾಡಿದೀನಿ, ಗೊತ್ತಾಗಲ್ವಾ? ಮೈಕಲ್ಲಿ ಜನಕ್ಕೆ ಕೇಳೋದು ಒಂದು ದನಿ, ಮನೇಲಿ ಅನ್ನ ಬೇಯದಿದ್ರೆ ನಂಗೆ ಕೇಳೋದು ಇನ್ನೊಂದು."

"ಮತ್ತೆ ಅವತ್ತು ಯಾಕೆ ಕೇಳಿದೆ?"

"ನೀವಾಗೇ ಹೇಳ್ತೀರೇನೋ ಅಂತ. ಕಕ್ಕಸಿಗೆ ಹೋಗಿದ್ದೆ ಅಂದ್ರಿ." ಅವಳು ಚಪ್ಪಲಿ ಮೆಟ್ಟಿದಳು. "ನಾನೀಗ ಎಲ್ಲಿಗ್ ಹೋಗ್ತಿದೀನಿ ಗೊತ್ತಾ?"

ಗೊತ್ತಿರಲಿಲ್ಲ. ಹತ್ತು ದಿನದಿಂದ ಅವಳು ಬೆಳಗ್ಗೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದಾಳೆ. ನಾನು ಕೇಳಿರಲೇ ಇಲ್ಲ.

"ಗ್ವಾಕ್ ಅಣ್ಣನ ಹೋಟೆಲಿಗೆ. ಪಾತ್ರೆ ತೊಳೆಯೋಕೆ. ಕೆಲಸದೋಳು ಬಿಟ್ಟು ಹೋದ್ಲಲ್ಲ. ಅಣ್ಣನ ಹೆಂಡ್ತಿ ನನ್ನ ಕೈ ಹಿಡ್ಕೊಂಡು, ನಿನ್ನಂಥೋರು ಇದೀರಲ್ಲ ಅಂತ ಅಳ್ತಾರೆ. ಆಗ ನಾನು ಎಲ್ಲಿ ನೋಡ್ಲಿ ಹೇಳಿ?"

ಬಾಗಿಲು ಹಾಕಿಕೊಂಡು ಹೋದಳು. ಜೋರಾಗಿ ಹಾಕಲಿಲ್ಲ.

ಇವತ್ತು ಆಟ ಇತ್ತು. ಟಿವಿ ಹಾಕಲಿಲ್ಲ.

ಜೂನ್ 4, ಬುಧವಾರ

ಅಭಿಮಾನಿ ಬಳಗದ ಕೊಠಡಿ ಮೈದಾನದ ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಕಾರ್ಯದರ್ಶಿ ಮಿರಾನ್, ನಲವತ್ತರ ಆಸುಪಾಸಿನ ಹೆಂಗಸು, ಬ್ಯಾಂಕಿನಲ್ಲಿ ಕೆಲಸ. ಜೊತೆಗೆ ಒಬ್ಬ ಹುಡುಗಿ ಬ್ಯಾನರಿಗೆ ಬಣ್ಣ ಬಳಿಯುತ್ತಿದ್ದಳು.

"ಆ ಮಾತು ಆಡಿದ್ದು ಗ್ವಾಕ್ ಅಣ್ಣ ಅಲ್ಲ. ನಾನು" ಅಂದೆ.

ಮಿರಾನ್ ನನ್ನನ್ನು ಕೂರಿಸಿ ನೀರು ಕೊಟ್ಟಳು. ತುಂಬ ಮರ್ಯಾದೆಯಿಂದ ಮಾತಾಡಿದಳು. "ನೀವಿಬ್ರೂ ಎಷ್ಟು ವರ್ಷದ ಸ್ನೇಹಿತರು ಅಂತ ಎಲ್ರಿಗೂ ಗೊತ್ತು ಸರ್. ಅವರ ಹೋಟೆಲಿಗೆ ತೊಂದ್ರೆ ಆಗಿರೋದೂ ಗೊತ್ತು. ಸ್ನೇಹಿತರಿಗೋಸ್ಕರ ಜನ ಇಂಥದ್ದನ್ನ ತಲೆ ಮೇಲೆ ಹಾಕ್ಕೊಳ್ತಾರೆ. ನಿಮ್ಮ ಮನಸ್ಸು ದೊಡ್ಡದು."

"ಮನಸ್ಸು ದೊಡ್ಡದಲ್ಲ. ಹೇಳಿದ್ದು ನಾನೇ."

"ಗ್ವಾಕ್ ಅವರು ಅಲ್ಲ ಅಂತ ಒಂದ್ಸಲಾನೂ ಹೇಳಿಲ್ಲ ಸರ್. ನಾಳೆ ಇನ್ನೊಬ್ರು ಬಂದು ನಾನು ಅಂದ್ರೆ ಏನು ಮಾಡೋಣ? ನಮಗೂ ಏನಾದ್ರೂ ಆಧಾರ ಬೇಕಲ್ಲ." ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. "ವಿಡಿಯೊದಲ್ಲಿರೋ ದನಿ ಇಲ್ಲಿದೆ. ತಪ್ಪು ತಿಳ್ಕೋಬೇಡಿ, ನೀವೂ ಒಂದ್ಸಲ ಹೇಳಿದ್ರೆ ಹೋಲಿಸಿ ನೋಡಬಹುದು."

ಹೊಸ್ತಿಲು ದಾಟಿ ಓಡಬೇಕೆನಿಸಿತು. ಮೈದಾನದಲ್ಲಿ ಒಂದು ಉಸಿರಿಗೆ ಬಂದಿದ್ದ ಮಾತು. ಇಲ್ಲಿ, ಮಟಮಟ ಮಧ್ಯಾಹ್ನ, ಫ್ಯಾನು ತಿರುಗುತ್ತಿದ್ದ ಕೊಠಡಿಯಲ್ಲಿ, ಮೆಲ್ಲಗೆ ಹೇಳಿದೆ.

"ಸ್ವಲ್ಪ ಜೋರಾಗಿ ಸರ್."

ಎರಡನೇ ಸಲ 'ನಿಮ್ಮಪ್ಪ' ಅನ್ನುವವರೆಗೆ ಬಂದೆ. ಬೆಂಚಿನಲ್ಲಿ ನನ್ನ ಮಂಡಿ ತಟ್ಟಿದ್ದ ಕೈ ಕಣ್ಣಿಗೆ ಕಟ್ಟಿತು. ನಿಂತೆ. ಮೂರನೇ ಸಲ ಎದ್ದು ನಿಂತು, ಅವತ್ತು ನಿಂತಿದ್ದ ಹಾಗೆಯೇ ನಿಂತು, ಪೂರ್ತಿ ಕಿರುಚಿದೆ. ಕಿಟಕಿಯ ಗಾಜು ಝಣ್ ಅಂದಿತು. ಬಣ್ಣ ಬಳಿಯುತ್ತಿದ್ದ ಹುಡುಗಿ ಕುಂಚ ಕೆಳಗಿಟ್ಟು ಮುಖ ಗೋಡೆಗೆ ತಿರುಗಿಸಿಕೊಂಡಳು.

ಹೋಲಿಸುವ ಅಗತ್ಯ ಬೀಳಲಿಲ್ಲ. ಮಿರಾನ್ ಲ್ಯಾಪ್‌ಟಾಪ್ ಮುಚ್ಚಿದಳು. "ಸಾಕು" ಅಂದಳು. 'ಸರ್' ಅನ್ನಲಿಲ್ಲ.

ಜೂನ್ 7, ಶನಿವಾರ

ನನ್ನ ಹೆಸರು ಹೊರಗೆ ಬಂದಿದೆ. ಮೂರು ವರ್ಷ ಮೈದಾನಕ್ಕೆ ಕಾಲಿಡುವಂತಿಲ್ಲ. ಅದು ನ್ಯಾಯವೇ. ಮೇಲಧಿಕಾರಿ ಕರೆದು ಒಂದು ಕ್ಷಮಾಪಣೆ ಬರೆಸಿಕೊಂಡರು. "ಮೈಕಿಗೆ ಮತ್ತೆ ಕೂತ್ಕೋತೀರೋ ಇಲ್ವೋ ನೀವೇ ಯೋಚ್ನೆ ಮಾಡಿ" ಅಂದರು. ಯೋಚಿಸುವುದೇನಿದೆ, ಕೂರುವುದಿಲ್ಲ. ದಾವೊನ್ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೇನೂ ಆಡುತ್ತಿಲ್ಲ.

ಗ್ವಾಕ್ ಅಣ್ಣನ ಹೋಟೆಲಿಗೆ ಹೋಗಿ ಅವರಿಬ್ಬರ ಮುಂದೆ ಮಂಡಿಯೂರಿದೆ. ಅತ್ತಿಗೆ ಬೆನ್ನು ತಿರುಗಿಸಿ ಒಳಗೆ ಹೋದರು. ಒಳಗೆ ಹ್ವಾಸುನ್ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಗಳ ಸದ್ದು ನಿಂತಿತು, ಬಹಳ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ಏಳು" ಅಂದರು ಅಣ್ಣ. "ಮಂಡಿ ನೋವು ಅಂತ ಆಮೇಲೆ ನಂಗೇ ಹೇಳ್ತೀಯ."

"ಅಣ್ಣಾ, ನೀವು ಅವತ್ತೇ ಹೇಳಿಬಿಡಬಹುದಿತ್ತು."

"ಏನಂತ ಹೇಳ್ಲಿ? ನಾನಲ್ಲ, ನನ್ನ ತಮ್ಮ ಅಂತಾನಾ? ಹದಿನೇಳು ವರ್ಷ ಪಕ್ಕ ಕೂತೋನನ್ನ ಬೆರಳು ಮಾಡಿ ತೋರಿಸ್ಲಾ?" ಅವರ ದನಿ ಏರಿತು. ಅವರು ನನ್ನ ಮೇಲೆ ದನಿ ಏರಿಸಿದ್ದನ್ನು ಕೇಳಿದ್ದು ಇದೇ ಮೊದಲು. "ನೀನು ಕಿರುಚಿದ್ದಕ್ಕೆ ನಂಗೆ ಸಿಟ್ಟಿಲ್ಲ ಗೀಜುನ್. ಬಾಯಿ ಜಾರತ್ತೆ. ಆದ್ರೆ ಆ ಹುಡುಗ್ರು ಬಂದಾಗ ಬಟ್ಲೊಳಗೆ ಮುಖ ಇಟ್ಕೊಂಡು ಕೂತಿದ್ಯಲ್ಲ, ಅದನ್ನ ಮರೆಯೋಕೆ ನಂಗೆ ಟೈಮ್ ಬೇಕು. ಎಷ್ಟು ದಿನ ಅಂತ ನಂಗೂ ಗೊತ್ತಿಲ್ಲ. ಅಲ್ಲೀವರ್ಗೂ ಬರ್ಬೇಡ."

ಬಂದೆ.

ಜೂನ್ 15, ಭಾನುವಾರ

ಬೆಳಗಿನ ಲಾಂಚಿನಲ್ಲಿ ಗಾನ್ಸೊಮ್‌ಗೆ ಹೋದೆ. ಹತ್ತೊಂಬತ್ತು ವರ್ಷ ಆ ಹೆಸರು ಕೂಗಿದ್ದೇನೆ, ಕಾಲಿಟ್ಟದ್ದು ಇದೇ ಮೊದಲು. ಇಪ್ಪತ್ತು ಮನೆ ಇರಬಹುದು. ಇಳಿತದ ಹೊತ್ತು. ನೀರು ದೂರ ಸರಿದು ಕೆಸರು ಬಯಲು ಹೊಳೆಯುತ್ತಿತ್ತು. ಅಲ್ಲಿ ತೊಡೆಯುದ್ದದ ರಬ್ಬರ್ ಬೂಟು ಹಾಕಿಕೊಂಡ ಒಬ್ಬ ಹುಡುಗ ಸಣ್ಣ ಸಲಿಕೆಯಿಂದ ಅಗೆದು ಆಕ್ಟೋಪಸ್ ಹಿಡಿಯುತ್ತಿದ್ದ. ಮೈದಾನದಲ್ಲಿ ಕಾಣುವುದಕ್ಕಿಂತ ತೆ‍ಳ್ಳಗಿದ್ದ.

"ಓಕ್ ದೋಹುನ್ ಅವರೇ" ಎಂದು ದಡದಿಂದ ಕರೆದೆ.

ಅವನು ತಲೆ ಎತ್ತಿದ. ಹತ್ತಿರ ಬಂದ. ಮುಖದಲ್ಲಿ ನಗು ಮೂಡಿತು. "ಇನ್ನೊಂದ್ಸಲ ಕರೀರಿ. ನೀವು ಲಾಂಚ್ ನಿಲ್ದಾಣದೋರು ಅಲ್ವಾ? ಆ ದನಿ! ಚಿಕ್ಕೋನಿದ್ದಾಗ ನಾನು ನಿಮ್ಮ ಥರಾನೇ ಹೇಳಿ ಅಜ್ಜೀನ ನಗಿಸ್ತಿದ್ದೆ. ನೀವು ಮೈಕಲ್ಲಿ ಇಲ್ಲ ಅಂತ ಅವಳು ದಿನಾ ಗೊಣಗ್ತಾಳೆ."

ಅವನಿಗೆ ಏನೂ ತಿಳಿದಿರಲಿಲ್ಲ. ಫೋನು ಆರಿಸಿ ಇಟ್ಟುಬಿಟ್ಟಿದ್ದನಂತೆ. ಆ ನಗು ಅವನ ಮುಖದ ಮೇಲೆ ಇರುವಾಗಲೇ ನಾನು ಹೇಳಬೇಕಾಯಿತು.

"ಮೇ ಹನ್ನೊಂದರಂದು ನಿಮ್ಮ ತಂದೆಯ ಮಾತೆತ್ತಿ ಕೂಗಿದವನು ನಾನು."

ನಗು ತಕ್ಷಣ ಹೋಗಲಿಲ್ಲ. ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅವನು ತಿರುಗಿ ತನ್ನ ಗುಂಡಿಯ ಬಳಿಗೆ ಹೋಗಿ ಅಗೆಯತೊಡಗಿದ. ನಾನು ದಡದಲ್ಲಿ ಬಾಗಿ ನಿಂತೆ. ಬೆನ್ನು ನೋಯುವವರೆಗೂ ನಿಂತೆ. ಅವನು ಮೂರು ಗುಂಡಿ ಅಗೆದ. ಒಂದರಲ್ಲೂ ಏನೂ ಸಿಗಲಿಲ್ಲ.

ಕೊನೆಗೆ ಸಲಿಕೆಯನ್ನು ಕೆಸರಿಗೆ ಚುಚ್ಚಿ ಬಂದ.

"ಅಜ್ಜಿಗೆ ಹೇಳಿದ್ರಾ?"

"ಇಲ್ಲ. ಈಗ ಹೇಳಲು ಹೋಗುತ್ತಿದ್ದೆ."

"ಹೇಳ್ಬೇಡಿ." ಅವನು ದಡದ ಕಲ್ಲಿನ ಮೇಲೆ ಕೂತ. "ಹನ್ನೆರಡು ವರ್ಷದೋನಿದ್ದೆ ನಾನು. ಅಪ್ಪ ಬರ್ದೇ ಇದ್ದಾಗ ಅಜ್ಜಿ ನಿಲ್ದಾಣದಲ್ಲಿ ಮೂರು ದಿನ ಕೂತಿದ್ಲು. ಒಬ್ರು ಬಂದು ಬಂದು ನೀರು ಕೊಡ್ತಿದ್ರಂತೆ. ಮೂರನೇ ದಿನ ಮೊದಲ್ನೇ ಲಾಂಚ್ ಬಿಡ್ತೀವಿ ಅಂತ ಮೈಕಲ್ಲಿ ಹೇಳೋವಾಗ ಅವರ ದನಿ ಒಡೀತಂತೆ. ಅದನ್ನ ಕೇಳ್ಕೊಂಡೇ ಎದ್ದು ಮನೆಗೆ ಬಂದೆ ಅಂತಾಳೆ. ಈಗ ನಾನು ಹೋಗಿ ಅದೇ ಬಾಯಿ ಇದನ್ನೂ ಅಂತು ಅಂದ್ರೆ, ಅವಳ ಹತ್ರ ಏನು ಉಳಿಯತ್ತೆ?"

ನನಗೆ ನೆನಪಿರಲಿಲ್ಲ. ದನಿ ಒಡೆದದ್ದು ನನಗೆ ನೆನಪೇ ಇರಲಿಲ್ಲ.

"ಊರಲ್ಲಿ ಗೊತ್ತಾದ್ರೂ ಅವಳಿಗೆ ಯಾರೂ ಹೇಳ್ದ ಹಾಗೆ ನಾನು ನೋಡ್ಕೋತೀನಿ. ನೀವು ಮೈಕಿಗೆ ವಾಪಸ್ ಕೂತ್ಕೊಳ್ಳಿ. ಅವಳಿಗೆ ಓದೋಕೆ ಬರಲ್ಲ. ಅವತ್ತು ನಾಲ್ಕು ಗಂಟೆ ಕಾದಿದಾಳೆ."

"ಕೂರ್ತೀನಿ."

"ಕ್ಷಮಿಸಿದೆ ಅಂತ ನಾನು ಹೇಳ್ತಿಲ್ಲ."

"ಅದನ್ನು ಕೇಳಲು ಬಂದಿಲ್ಲ" ಅಂದೆ.

ಸುಳ್ಳು. ಅದನ್ನೇ ಕೇಳಲು ಹೋಗಿದ್ದೆ.

ಜೂನ್ 26, ಗುರುವಾರ

ಮೈಕಿಗೆ ಕೂತು ಹತ್ತು ದಿನವಾಯಿತು. ಮೊದಲ ದಿನ ಕೆಲವರು ಗಾಜಿನಾಚೆಯಿಂದ ನನ್ನನ್ನು ಬೆರಳು ಮಾಡಿ ತೋರಿಸಿದರು. ಒಬ್ಬ, "ಮುಳುಗೋ ಲಾಂಚ್ ಯಾವ್ದು ಯಜಮಾನ್ರೇ?" ಎಂದು ಕೂಗಿ ಹೋದ. ತಲೆ ಬಗ್ಗಿಸಿ ಮುಂದಿನ ಪ್ರಕಟಣೆ ಮಾಡಿದೆ. ಹೆಸರುಗಳನ್ನು ಎರಡೆರಡು ಸಲ ಹೇಳಿದೆ.

ಕಳೆದ ವಾರ ದೋಹುನ್ ಚೀಲ ಹೆಗಲಿಗೆ ಹಾಕಿಕೊಂಡು ಲಾಂಚಿನಿಂದ ಇಳಿದ. ಎರಡನೇ ದರ್ಜೆಯ ತಂಡದಲ್ಲಿ ಮತ್ತೆ ಶುರು ಮಾಡುತ್ತಾನಂತೆ. ನನ್ನ ಕೊಠಡಿಯ ಮುಂದೆಯೇ ಹೋದ, ಈ ಕಡೆ ನೋಡಲಿಲ್ಲ. ಆ ತಂಡದ ಆಟವನ್ನು ಟಿವಿಯಲ್ಲಿ ತೋರಿಸುವುದಿಲ್ಲ. ಮಂಗಳವಾರ ರಜೆ ಇತ್ತು, ಬಸ್ಸು ಹಿಡಿದು ಅವರ ಅಭ್ಯಾಸದ ಮೈದಾನದ ಬೇಲಿಯವರೆಗೆ ಹೋಗಿ ಬಂದೆ. ಅವನ ಕಡೆಗೆ ಹದಿನಾಲ್ಕು ಚೆಂಡು ಬಂದವು. ಹದಿಮೂರು ಹಿಡಿದ. ಬಿಟ್ಟ ಒಂದಕ್ಕೆ ಯಾರೋ "ಪರವಾಗಿಲ್ಲ" ಅಂದರು. ಬಾಯಿ ತೆರೆದಿದ್ದವನು ನಾನೇ ಎಂದು ಗೊತ್ತಾಗಿ ಬೇಲಿಯಿಂದ ಹಿಂದೆ ಸರಿದೆ.

ಹ್ವಾಸುನ್ ಇನ್ನೂ ಗ್ವಾಕ್ ಅಣ್ಣನ ಹೋಟೆಲಿಗೆ ಹೋಗುತ್ತಾಳೆ. ಮೇಜುಗಳು ತುಂಬುತ್ತಿವೆಯಂತೆ. ನನ್ನ ಬಗ್ಗೆ ಅಣ್ಣ ಏನಾದರೂ ಕೇಳಿದರಾ ಎಂದು ನಾನು ವಿಚಾರಿಸುವುದಿಲ್ಲ. ಅವಳೂ ಹೇಳುವುದಿಲ್ಲ.

ಇವತ್ತು ಅಜ್ಜಿ ಬಂದಿದ್ದರು. ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಒಂದಕ್ಕೆ ನಾನು ಮೈಕು ಹಾಕಿ ಗಾನ್ಸೊಮ್, ಗಾನ್ಸೊಮ್ ಅಂದೆ. ಅವರು ಎದ್ದರು, ನೇರ ನನ್ನ ಕಿಟಕಿಗೆ ಬಂದರು. ಜೇನುತುಪ್ಪದಲ್ಲಿ ಬೇಯಿಸಿದ ಪೇರಳೆಯ ಡಬ್ಬಿಯೊಂದನ್ನು ಒಳಗೆ ತಳ್ಳಿದರು.

"ಗಂಟಲು ಸರಿಹೋಯ್ತಲ್ಲ, ಆದ್ರೂ ತಿನ್ನು. ಈ ದನಿ ಕಾಪಾಡ್ಕೋಬೇಕು ಮಗಾ. ದೇವರು ಎಲ್ರಿಗೂ ಕೊಡಲ್ಲ."

"ಹೂಂ ಅಮ್ಮಾ" ಅಂದೆ. ಡಬ್ಬಿಯನ್ನು ಮೈಕಿನ ಪಕ್ಕ ಇಟ್ಟೆ.

ಲಾಂಚ್ ಕಟ್ಟೆ ಬಿಟ್ಟಿತು. ಅವರು ಹಿಂದಿನ ಕಂಬಿ ಹಿಡಿದು ನಿಂತು ನನ್ನ ಕಿಟಕಿಯ ಕಡೆಗೆ ಕೈ ಬೀಸಿದರು. ಆ ಮುಖವನ್ನು ನೋಡಲಾಗದೆ ನಾನು ತಲೆ ತಗ್ಗಿಸಿದೆ. ಅವರು ಅದನ್ನು ನಮಸ್ಕಾರವೆಂದು ತಿಳಿದು, ಲಾಂಚಿನ ಓಲಾಟದಲ್ಲೇ ಸೊಂಟ ಬಗ್ಗಿಸಿ, ತಾವೂ ನನಗೆ ನಮಸ್ಕಾರ ಮಾಡಿದರು.